ಮಳವಳ್ಳಿಯ ದಾರಿ ಮತ್ತು ಉಪಗ್ರಹ ಸಮೂಹ: ಸಂಪರ್ಕಭಂಗದ ಒಂದು ವಿವೇಚನೆ

ಸಾವಿರಾರು ಕೃತಕ ಉಪಗ್ರಹಗಳ ಸಮೂಹಗಳು ಸೈನಿಕ ಆಕ್ರಮಣಕ್ಕೆ ಎಷ್ಟರಮಟ್ಟಿಗೆ ಈಡಾಗಬಲ್ಲವೆಂಬುದು ಇಂದಿನ ಚರ್ಚೆಯ ವಿಷಯವಾಗಿದೆ. ಇದನ್ನು ತಿಳಿಯಲು ಇಂದಿನ ಮಂಡ್ಯ ಜಿಲ್ಲೆಯಲ್ಲಿ ನಡೆದ ಒಂದು ಹಳೆಯ ದಂಡಯಾತ್ರೆ ನೆರವಾಗುವುದೆಂದು ನಾವು ಭಾವಿಸುತ್ತೇವೆ.

1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣದತ್ತ ಹೊರಟನು. ಚನ್ನಪಟ್ಟಣ, ಮದ್ದೂರುಗಳ ನೇರ ದಾರಿಯನ್ನು ಟಿಪ್ಪು ಸುಲ್ತಾನನು ಕಾಯುತ್ತಿದ್ದುದರಿಂದ ಅವನು ಕಾನಕಾನಹಳ್ಳಿ, ಮಳವಳ್ಳಿಗಳ ಬಳಸುದಾರಿ ಹಿಡಿದು ಅರಕೆರೆಯನ್ನು ಸೇರಿ, 15ರಂದು ಕಾಳಗವನ್ನು ಗೆದ್ದನು. ಗೆಲವು ನಿಷ್ಫಲವಾಯಿತು. ದಾರಿಯುದ್ದಕ್ಕೂ ಮೇವು ದವಸಗಳನ್ನು ಸುಲ್ತಾನನ ಕಡೆಯವರು ಮೊದಲೇ ನಾಶಮಾಡಿದ್ದರು, ಮಳೆ ಹಿಡಿಯಿತು, ಎತ್ತುಗಳು ಸತ್ತವು, ದಂಡಿನಲ್ಲಿ ಸಿಡುಬು ಹಬ್ಬಿತು. ಕೋಟೆಯನ್ನೊಡೆಯಲು ಅಷ್ಟು ಕಷ್ಟದಿಂದ ಎಳೆತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಅವನು ಹಿಂದಿರುಗಿದನು. ಹಿಂದಿರುಗುವಾಗ ಕುದುರೆಪಡೆಯೊಂದು ಎದುರಾಯಿತು. ಶತ್ರುಗಳೆಂದು ತಿಳಿದವರು ಮಿತ್ರರೇ ಆಗಿದ್ದರು: ಪರಶುರಾಮ ಭಾವೂ, ಹರಿಪಂತರ ಮರಾಠಾ ಸೈನ್ಯದ ಮುಂಪಡೆ! ಆ ಸೈನ್ಯ ಬರುತ್ತಿರುವ ಸುದ್ದಿಯನ್ನು ಹೊತ್ತ ಹರಿಕಾರರಲ್ಲಿ ಯಾರೂ ಕಾರ್ನ್‌ವಾಲಿಸನನ್ನು ಮುಟ್ಟಿರಲಿಲ್ಲ. ಸುಲ್ತಾನನ ಲಘು ಸವಾರರು ಅವರನ್ನು ದಾರಿಯಲ್ಲಿಯೇ ತಡೆದಿದ್ದರು. ಮರಾಠರ ಶಿಬಿರದಲ್ಲಿಯಾದರೋ ಧಾನ್ಯವಿತ್ತು. ಕೆಲವು ದಿನಗಳ ಮೊದಲು ಸುದ್ದಿ ಮುಟ್ಟಿದ್ದರೆ ಫಿರಂಗಿಗಳು ಉಳಿಯುತ್ತಿದ್ದವೆಂದೇ ನಮ್ಮ ಅಭಿಪ್ರಾಯ.

ಹರಿಕಾರರು ಹಲವರಿದ್ದರು, ಅವರು ಸಾಗಬೇಕಾದ ದಾರಿಗಳು ಮಾತ್ರ ಕೆಲವೇ. ಉಪಗ್ರಹ ಸಮೂಹದ ಸ್ಥಿತಿಯೂ ಇದಕ್ಕೆ ಸಮೀಪವಾದುದು. ಒಂದು ಕ್ಷಿಪಣಿ ಒಂದು ಉಪಗ್ರಹವನ್ನು ಮಾತ್ರ ಒಡೆಯಬಲ್ಲುದು. 2019ರ ಮಾರ್ಚ್ 27ರಂದು ಭಾರತವು ಸುಮಾರು 300 ಕಿಲೋಮೀಟರು ಎತ್ತರದಲ್ಲಿದ್ದ ತನ್ನದೇ ಉಪಗ್ರಹವನ್ನು ಹೀಗೆ ಒಡೆಯಿತು. 1799ರ ಮಳವಳ್ಳಿ ಕದನವೂ ಮಾರ್ಚ್ 27ರಂದೇ ನಡೆದುದು ಕೇವಲ ಕಾಕತಾಳೀಯ. ಸಾವಿರಾರು ಉಪಗ್ರಹಗಳುಳ್ಳ ಸ್ಟಾರ್‌ಲಿಂಕ್ ಸಮೂಹವನ್ನು ಈ ಕ್ರಮದಿಂದ ಅಳಿಸುವುದು ದುಸ್ಸಾಧ್ಯ. 2021ರ ನವೆಂಬರಿನಲ್ಲಿ ರಷ್ಯವು ಒಡೆದ ಒಂದೇ ಉಪಗ್ರಹದಿಂದ 1,500ಕ್ಕೂ ಮಿಗಿಲಾದ ಚೂರುಗಳು ಹರಡಿದುದರಿಂದ, ಒಡೆದವನಿಗೂ ಅಪಾಯ ತಪ್ಪದು.

ಸುಲಭವಾದ ದಾರಿ ನೆಲದ ಮೇಲಿದೆ. 2022ರ ಫೆಬ್ರವರಿ 24ರಂದು, ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿದ ದಿನ, ಕೆಎ-ಸ್ಯಾಟ್ ಉಪಗ್ರಹದ ನೆಲದ ಜಾಲಕ್ಕೆ ಗಣಕಯಂತ್ರಗಳ ಮೂಲಕ ನುಗ್ಗಿದವರು ಹತ್ತಾರು ಸಾವಿರ ಮೋಡೆಮ್‌ಗಳನ್ನು ನಿಷ್ಕ್ರಿಯಗೊಳಿಸಿದರು. ಉಪಗ್ರಹಕ್ಕೆ ಯಾವ ಪೆಟ್ಟೂ ಬೀಳಲಿಲ್ಲ. ಅದು ಒಂಟಿ ಉಪಗ್ರಹವೆಂಬುದು ನಿಜ. ಆದರೆ ಸಮೂಹಗಳೂ ನೆಲದ ಕೇಂದ್ರಗಳನ್ನು, ರೇಡಿಯೋ ಅಲೆಗಳನ್ನು, ಎಲ್ಲ ಉಪಗ್ರಹಗಳಿಗೂ ಸಮಾನವಾದ ಗಣಕಕ್ರಮಗಳನ್ನು ಅವಲಂಬಿಸಿವೆ. ಆಕಾಶದಲ್ಲಿ ಚದುರಿರುವುದು ಇಲ್ಲಿ ಒಂದೆಡೆ ಸೇರುತ್ತದೆ.

ಕಡಿದ ಸಂಪರ್ಕ ಎಷ್ಟು ಕಾಲ ಕಡಿದಿರುವುದೆಂಬುದು ಬೇರೆಯೇ ಪ್ರಶ್ನೆ. ಸವಾರರ ಜಾಗರೂಕತೆಯಿಂದ ಸುಲ್ತಾನನಿಗೆ ಕೆಲವು ತಿಂಗಳುಗಳ ಬಿಡುವು ದೊರೆಯಿತು. ಅಷ್ಟರಲ್ಲಿ ಕಾರ್ನ್‌ವಾಲಿಸನು ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು ತನ್ನ ದಾರಿಗಳನ್ನು ಭದ್ರಪಡಿಸಿಕೊಂಡು, 1792ರ ಫೆಬ್ರವರಿಯಲ್ಲಿ ಮರಾಠರೊಡನೆ ಮತ್ತೆ ಶ್ರೀರಂಗಪಟ್ಟಣದ ಮುಂದೆ ಬಂದು ಇಳಿದನು.