ನೆಗೆಟಿವ್‌ನಿಂದ ಗಣಕಕ್ಕೆ



ನಾವಿಂದು ಕೂಡಿರುವ ನೂರ್ಡ್‌ವೈಕ್ ಹೂವಿನ ಹೊಲಗಳಿಗೂ ಕಡಲತೀರಕ್ಕೂ ಹೆಸರಾದ ಊರು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ತಂತ್ರಜ್ಞಾನ ಕೇಂದ್ರವಾದ ಎಸ್ಟೆಕ್ ಇರುವುದೂ ಇಲ್ಲಿಯೇ. ಇಲ್ಲಿನವರು ರೂಪಿಸಿದ ಜಿಯೊಟ್ಟೊ ನೌಕೆಯು 1986ರ ಮಾರ್ಚ್ ತಿಂಗಳಲ್ಲಿ ಹ್ಯಾಲಿ ಧೂಮಕೇತುವಿನ ಸಮೀಪ ಹಾಯ್ದು ಚಿತ್ರಗಳನ್ನು ಕಳುಹಿಸಿತು. ಅದರ ಕ್ಯಾಮರಾದಲ್ಲಿ ಫಿಲ್ಮ್ ಇರಲಿಲ್ಲ. ಬೆಳಕನ್ನು ವಿದ್ಯುತ್ತಾಗಿಸುವ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆಯಿತ್ತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬುವರು ಕಂಡುಹಿಡಿದ ಈ ಸಾಧನವೇ ಫಿಲ್ಮ್ ಸ್ಕ್ಯಾನರಿಗೂ ಕಣ್ಣಾಯಿತು.

ಆ ವರ್ಷಗಳಲ್ಲಿ ನಮ್ಮ ನಾಡಿನ ಮನೆಗಳಲ್ಲಿ ಫಿಲ್ಮಿನದೇ ರಾಜ್ಯ. ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯು 'ಇಂದು' ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮನ್ನೂ, ನಮ್ಮಂತಹ ವೈದ್ಯರಿಗೆ ಬೇಕಾದ ಕ್ಷಕಿರಣ ಫಿಲ್ಮನ್ನೂ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ನೆಗೆಟಿವ್‌ಗಳು ಮಾತ್ರ ಟ್ರಂಕುಗಳಲ್ಲಿ ಉಳಿದಿವೆ.

ಫಿಲ್ಮನ್ನು ಅಂಕಿಗಳಾಗಿಸಿ ಮನೆಮನೆಗೆ ಮುಟ್ಟಿಸುವ ಮೊದಲ ದೊಡ್ಡ ಪ್ರಯತ್ನದಲ್ಲಿ ಡಚ್ಚರ ಕೈವಾಡವೂ ಇತ್ತು. ಐಂಡ್‌ಹೋವನ್ನಿನ ಫಿಲಿಪ್ಸ್ ಮತ್ತು ಅಮೆರಿಕದ ಕೋಡಕ್ ಸೇರಿ 1990ರಲ್ಲಿ ಘೋಷಿಸಿ 1992ರಲ್ಲಿ ಮಾರುಕಟ್ಟೆಗೆ ತಂದ ಫೋಟೊ ಸಿಡಿ ಅದು. ಒಂದು ತಟ್ಟೆಯಲ್ಲಿ ಸುಮಾರು 100 ಚಿತ್ರಗಳು. ಒಂದೊಂದರಲ್ಲಿಯೂ 3072 ಅಡ್ಡ, 2048 ಉದ್ದ ಬಿಂದುಗಳು; ಇಂಚಿಗೆ 300ರಂತೆ ಅಚ್ಚು ಹಾಕಿದರೆ ಹತ್ತು ಇಂಚು ಅಗಲದ ಪ್ರತಿ ದೊರೆಯುತ್ತಿತ್ತು. ಆ ಕಾಲಕ್ಕೆ ಅದು ಸೋಜಿಗವೇ. ಆದರೆ ಜನರು ಅಷ್ಟಾಗಿ ಒಲಿಯಲಿಲ್ಲ, ಕೋಡಕ್ ಅದನ್ನು ಕೈಬಿಟ್ಟಿತು. ಚಿತ್ರಗಳನ್ನು ಬರೆದಿಡುವ ಕ್ರಮದ ಪೂರ್ಣ ವಿವರವನ್ನು ಬಹಿರಂಗಪಡಿಸದಿದ್ದುದರಿಂದ, ಆ ತಟ್ಟೆಗಳನ್ನು ಓದಬಲ್ಲ ತಂತ್ರಾಂಶಗಳು ಇಂದು ಕೆಲವೇ. ಅದೇ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಮುಖಗಳು ಕಾಣುತ್ತವೆ! ಆದುದರಿಂದ ಸ್ಕ್ಯಾನ್ ಆಯಿತೆಂದು ನೆಗೆಟಿವನ್ನು ಎಸೆಯುವುದು, ಎಕ್ಸ್‌ರೇ ಬಂತೆಂದು ರೋಗಿಯನ್ನೇ ಮರೆತಂತೆ.

ಇಂದಿನ ಉತ್ತಮ ಸ್ಕ್ಯಾನರು ಇಂಚಿಗೆ 4000 ಬಿಂದುಗಳಂತೆ ಓದಿದರೆ, 24×36 ಮಿಲಿಮೀಟರಿನ ಚೌಕಟ್ಟಿನಿಂದ ಎರಡು ಕೋಟಿಗೂ ಮಿಕ್ಕಿದ ಬಿಂದುಗಳು ಬರುತ್ತವೆ. 18 ಇಂಚು ಅಗಲದ ಪಟವನ್ನು ಮಾಡಿಸಿ ಗೋಡೆಗೆ ತೂಗುಹಾಕಬಹುದು. ಧೂಳು, ಗೀರುಗಳನ್ನು ಅವಕೆಂಪು ಕಿರಣದಿಂದ ಗುರುತಿಸಿ ಅಳಿಸುವ ಸೌಲಭ್ಯವೂ ಉಂಟು. ಆದರೆ ಅದು ವರ್ಣದ ನೆಗೆಟಿವ್‌ಗಳಿಗೆ ಸರಿ. ಕಪ್ಪುಬಿಳುಪಿನ ಚಿತ್ರವೆಂದರೆ ಬೆಳ್ಳಿಯ ಕಣಗಳು. ಅವು ಆ ಕಿರಣವನ್ನೇ ತಡೆಯುವುದರಿಂದ ಯಂತ್ರವು ಅಜ್ಜಿಯ ಮೂಗುತಿಯನ್ನೂ ಧೂಳೆಂದು ತಿಳಿದೀತು. ಅಲ್ಲಿ ಮೆತ್ತನೆಯ ಕುಂಚವೂ ತಾಳ್ಮೆಯೂ ಬೇಕು.

ಕಾಲಾವಕಾಶ ಹೆಚ್ಚಿಲ್ಲ. ವರ್ಣದ ಫಿಲ್ಮಿನ ಬಣ್ಣಗಳು ಕತ್ತಲಲ್ಲಿಯೂ ಮಾಸುತ್ತವೆ. ಅಸಿಟೇಟ್ ಫಿಲ್ಮ್ ಸೆಕೆಗೂ ತೇವಕ್ಕೂ ವಿಘಟನೆಗೊಂಡು ವಿನೆಗರಿನ ವಾಸನೆ ಬೀರುತ್ತದೆ, ಕುಗ್ಗಿ ಸುರುಳಿಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಜೆಲಟಿನ್ ಪದರಕ್ಕೆ ಬೂಷ್ಟು ಬೇರೆ. ಮುಂದಿನ ರಜೆಗೆ ಊರಿಗೆ ಹೋದವರು ಮೊದಲು ಟ್ರಂಕಿನ ಮುಚ್ಚಳ ತೆರೆದು ಮೂಸಿ ನೋಡಬೇಕು. ವಾಸನೆ ಹಿಡಿದವನ್ನು ಬೇರೆಯಿಟ್ಟು ಅವನ್ನೇ ಮೊದಲು ಸ್ಕ್ಯಾನ್ ಮಾಡಿಸಬೇಕು. ಅಚ್ಚಾದ ಪ್ರತಿಯನ್ನು ಮನೆಯ ಹಿರಿಯರ ಮುಂದೆ ಹರವಿ, ಹಿಂದಿನ ಸಾಲಿನಲ್ಲಿ ನಿಂತವರು ಯಾರೆಂದು ಕೇಳಿ, ಹೆಸರುಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಯಾವ ಸ್ಕ್ಯಾನರೂ ಅವನ್ನು ಓದಿ ಹೇಳಲಾರದು.