ಹೋಟೆಲಿನ ಗಲ್ಲಾ, ಸಿನಿಮಾದ ಗಲ್ಲಾ

ಒಂದು ಚಿತ್ರ ಗೆದ್ದಿತೋ ಸೋತಿತೋ ಎಂಬುದನ್ನು ಹೇಳುವಾಗ ಕನ್ನಡದ ಸಿನಿಮಾ ಮಂದಿ ಎತ್ತುವ ಮೊದಲ ಮಾತು ‘ಗಲ್ಲಾಪೆಟ್ಟಿಗೆ’. ಈ ಪದ ಚಿತ್ರರಂಗದಲ್ಲಿ ಹುಟ್ಟಿದ್ದಲ್ಲ. ಅಂಗಡಿಯಿಂದ, ಹೋಟೆಲಿನಿಂದ ಬಂದದ್ದು. ಊಟದ ಚೀಟಿಯ ಮೇಲಿನ ಚಿಲ್ಲರೆ ಬೀಳುತ್ತಿದ್ದ ಮರದ ಪೆಟ್ಟಿಗೆಯ ಹೆಸರು ಸಿನಿಮಾ ಟಿಕೆಟ್ಟಿನ ಹಣಕ್ಕೂ ಅಂಟಿಕೊಂಡಿತು. ಪದ ಮಾತ್ರವಲ್ಲ, ಮನುಷ್ಯರೂ ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ ಬಂದಿದ್ದಾರೆ. ಅಂಥವರಲ್ಲಿ ಮುಖ್ಯರಾದ ಒಬ್ಬರ ಕತೆ ಅರಸೀಕೆರೆಯ ಒಂದು ಉಡುಪಿ ಹೋಟೆಲಿನಿಂದ ಶುರುವಾಗುತ್ತದೆ.

ಅವರು ಬಿ. ವಿಠಲಾಚಾರ್ಯ. ತೆಲುಗು ನಾಡಿನಲ್ಲಿ ‘ಜಾನಪದ ಬ್ರಹ್ಮ’ ಎಂದು ಹೆಸರಾದ, ದೆವ್ವ, ಮಾಂತ್ರಿಕ, ಮಾತನಾಡುವ ಪ್ರಾಣಿಗಳಿಂದ ತೆರೆಯನ್ನು ತುಂಬಿದ ನಿರ್ದೇಶಕ. ಅವರು ಹುಟ್ಟಿದ್ದು 1920ರಲ್ಲಿ, ಉಡುಪಿಯ ಪಕ್ಕದ ಉದ್ಯಾವರದಲ್ಲಿ. ತಂದೆ ಆಯುರ್ವೇದ ವೈದ್ಯರು. ಮನೆ ತುಂಬ ಮಕ್ಕಳು. ಓದಿದ್ದು ಮೂರನೆಯ ತರಗತಿ. ಒಂಬತ್ತರ ವಯಸ್ಸಿಗೇ ಮನೆ ಬಿಟ್ಟ ಹುಡುಗ ಅಲ್ಲಿ ಇಲ್ಲಿ ದುಡಿದು ಕೊನೆಗೆ ಅರಸೀಕೆರೆಯಲ್ಲಿ ಸಂಬಂಧಿಕರೊಬ್ಬರ ಹೋಟೆಲನ್ನು ವಹಿಸಿಕೊಂಡರು.

ದಕ್ಷಿಣ ಕನ್ನಡದ ಹುಡುಗನೊಬ್ಬ ಘಟ್ಟ ಹತ್ತಿ ಹೋಟೆಲು ಸೇರುವುದು ಆಗ ಹೊಸ ಸಂಗತಿಯಲ್ಲ. ಲೋಟ ತೊಳೆಯುವುದರಿಂದ ಆರಂಭ, ಆಮೇಲೆ ಮಾಣಿ, ಅದೃಷ್ಟವಿದ್ದರೆ ಒಲೆಯ ಮುಂದಿನ ಜಾಗ, ನಂಬಿಕೆ ಗಳಿಸಿದರೆ ಗಲ್ಲಾ. ಈ ಏಣಿಯನ್ನು ಒಂಟಿಯಾಗಿ ಹತ್ತಿದವರು ಕಡಿಮೆ. ಅಣ್ಣ ಬಂದು ನೆಲೆ ಕಂಡ ಮೇಲೆ ತಮ್ಮನನ್ನು ಕರೆಸಿಕೊಳ್ಳುವುದು, ತಮ್ಮನ ಹಿಂದೆ ಭಾವನೋ ಅಳಿಯನೋ ಬರುವುದು ವಾಡಿಕೆ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರ ಕತೆ ಎಲ್ಲರಿಗೂ ಗೊತ್ತಿರುವಂಥದು. ಬೆಂಗಳೂರಿಗೆ ಬಂದು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಅವರು 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ತೆರೆದರು. ಅದೇ ಮುಂದೆ ಎಂ.ಟಿ.ಆರ್. ಆಯಿತು. ಮದರಾಸಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತು ಬದುಕು ಆರಂಭಿಸಿದ ಕಡಂದಲೆಯ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದರು. ಇವರೆಲ್ಲ ಅಡುಗೆಮನೆಯಿಂದ ಹೊರಟು ದೊಡ್ಡ ಅಡುಗೆಮನೆಯನ್ನು ತಲುಪಿದವರು. ಅರಸೀಕೆರೆಯ ಹೋಟೆಲು ಬೇರೆ ದಾರಿ ಹಿಡಿಯಿತು.

ಅರಸೀಕೆರೆ ಸಾಮಾನ್ಯ ಊರಲ್ಲ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರೈಲುಮಾರ್ಗಕ್ಕೆ ಮೈಸೂರು, ಹಾಸನದ ಮಾರ್ಗ ಬಂದು ಸೇರುವ ಜಂಕ್ಷನ್. ಸುತ್ತ ತೆಂಗಿನ ಸೀಮೆ, ಕೊಬ್ಬರಿಯ ವ್ಯಾಪಾರ. ರೈಲು ಬದಲಿಸುವವರು, ಸಂತೆಗೆ ಬಂದವರು, ಮಂಡಿಯ ಗುಮಾಸ್ತರು, ಹೀಗೆ ದಿನವೂ ಬೇರೆ ಬೇರೆ ಮುಖ. ಇಂಥ ಕಡೆ ಹೋಟೆಲು ನಡೆಸುವವನಿಗೆ ಒಂದು ವಿದ್ಯೆ ತಾನಾಗಿ ಒಲಿಯುತ್ತದೆ: ನಾಳೆ ಎಷ್ಟು ಜನ ಬರುತ್ತಾರೆಂದು ಇಂದೇ ಊಹಿಸುವುದು. ಸಂತೆಯ ಹಿಂದಿನ ರಾತ್ರಿ ಎಷ್ಟು ಸೇರು ಅಕ್ಕಿ ನೆನೆಹಾಕಬೇಕು ಎಂಬ ಲೆಕ್ಕ ತಪ್ಪಿದರೆ ಹಿಟ್ಟು ಹುಳಿಯಾಗುತ್ತದೆ, ಇಲ್ಲವೇ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ. ಈ ಊಹೆಯ ವಿದ್ಯೆಯೇ ಮುಂದೆ ಸಿನಿಮಾದಲ್ಲಿ ಅನ್ನ ಹಾಕಿತೆಂದರೆ ತಪ್ಪಾಗದು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂತು. ವಿಠಲಾಚಾರ್ಯರು ಗೆಳೆಯರೊಂದಿಗೆ ಅದಕ್ಕೆ ಧುಮುಕಿ ಜೈಲು ಸೇರಿದರು. ಬಿಡುಗಡೆಯಾಗಿ ಬಂದ ಮೇಲೆ ಹೋಟೆಲನ್ನು ತಮ್ಮನ ಕೈಗೆ ಒಪ್ಪಿಸಿ, ಗೆಳೆಯರ ಜೊತೆಗೂಡಿ ಹಾಸನ ಜಿಲ್ಲೆಯಲ್ಲಿ ಒಂದು ಟೂರಿಂಗ್ ಟಾಕೀಸು ಶುರುಮಾಡಿದರು. ಚಿತ್ರರಂಗದ ಚರಿತ್ರೆಗಳಲ್ಲಿ ಈ ‘ತಮ್ಮನ ಕೈಗೆ ಒಪ್ಪಿಸಿ’ ಎಂಬುದು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆದರೆ ಕತೆಯ ಕೀಲಿರುವುದು ಅಲ್ಲೇ. ಟೆಂಟು ಸಿನಿಮಾ ಎಂದರೆ ಆ ಕಾಲಕ್ಕೆ ಜೂಜು. ಗಾಳಿಗೆ ಟೆಂಟು ಹರಿಯಬಹುದು, ಎಂಜಿನ್ ಕೆಡಬಹುದು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆಟ ನಿಲ್ಲಬಹುದು. ಊರಿನಲ್ಲಿ ಒಲೆ ಆರದಂತೆ ನೋಡಿಕೊಳ್ಳುವವನೊಬ್ಬ ಇದ್ದಾಗ ಮಾತ್ರ ಇನ್ನೊಬ್ಬ ಇಂಥ ಜೂಜಿಗೆ ಇಳಿಯಬಲ್ಲ. ಅವಿಭಕ್ತ ಕುಟುಂಬ ಎಂಬುದನ್ನು ನಾವು ಭಾವುಕವಾಗಿ ನೆನೆಯುವುದುಂಟು. ಅದು ಬಡ್ಡಿಯಿಲ್ಲದ ಬ್ಯಾಂಕೂ ಆಗಿತ್ತು.

ಟೆಂಟಿನ ಬದುಕು ಹೇಗಿತ್ತು? ಊರ ಹೊರಗಿನ ಬಯಲಿನಲ್ಲಿ ಕ್ಯಾನ್ವಾಸಿನ ಡೇರೆ, ಒಂದು ಕಡೆ ಬಿಳಿಯ ಪರದೆ, ಇನ್ನೊಂದು ಕಡೆ ಪ್ರೊಜೆಕ್ಟರು, ಹೊರಗೆ ಗುಡುಗುಡು ಎನ್ನುವ ಎಂಜಿನ್ನು. ಪ್ರೊಜೆಕ್ಟರಿನೊಳಗೆ ಎರಡು ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಬೆಳಕು. ಕಡ್ಡಿ ಸವೆದಂತೆ ಆಪರೇಟರು ಅದನ್ನು ಸರಿಹೊಂದಿಸುತ್ತಲೇ ಇರಬೇಕು. ಒಂದೇ ಯಂತ್ರವಿದ್ದುದರಿಂದ ರೀಲು ಮುಗಿದಾಗಲೆಲ್ಲ ಆಟಕ್ಕೆ ತಡೆ, ಪ್ರೇಕ್ಷಕರಿಗೆ ಬೀಡಿ, ಕಡಲೇಕಾಯಿ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಹಗಲು ಗಾಡಿಯ ಮೇಲೆ ತಮಟೆ ಬಾರಿಸಿಕೊಂಡು ಕರಪತ್ರ ಹಂಚುವುದು, ಸಂಜೆ ಗ್ರಾಮಫೋನಿನ ಭಕ್ತಿಗೀತೆ ಹಾಕಿ ಸುತ್ತಲ ಹಳ್ಳಿಗಳಿಗೆ ಆಟದ ಸಮಯ ತಿಳಿಸುವುದು. ಇಂದು ಬೆಂಗಳೂರಿನೊಳಗೇ ಸೇರಿಹೋಗಿರುವ ಕಗ್ಗದಾಸಪುರದಂಥ ಊರುಗಳೂ ಕೆರೆಯಂಚಿನ ಹಳ್ಳಿಗಳಾಗಿದ್ದ ಕಾಲವದು; ಪಟ್ಟಣದ ಚಿತ್ರಮಂದಿರ ದೂರವಾದ ಹಳ್ಳಿಯವರಿಗೆ ಸಿನಿಮಾ ಎಂದರೆ ಟೆಂಟು.

ಹೋಟೆಲಿಗೂ ಟೆಂಟಿಗೂ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಅಂದಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಉಳಿದವರಿಗೆ ಬೇರೆ. ಕೆಲವರಿಗೆ ಒಳಗೆ ಪ್ರವೇಶವೇ ಇಲ್ಲ. ಟೆಂಟಿನಲ್ಲಿ ಜಾಗ ಗೊತ್ತುಮಾಡುತ್ತಿದ್ದುದು ಕಾಸು. ಊರಿನ ಅಸ್ಪೃಶ್ಯತೆ ಟೆಂಟಿನ ಬಾಗಿಲಲ್ಲೇ ನಿಂತುಬಿಡುತ್ತಿತ್ತು ಎಂದು ಹೇಳಲಾಗದು. ಆದರೂ ಪಂಕ್ತಿಭೇದದ ವ್ಯಾಪಾರದಿಂದ ಬಂದವರು ಎಲ್ಲರೂ ಒಂದೇ ಪರದೆಯತ್ತ ಮುಖಮಾಡಿ ಕೂರುವ ವ್ಯಾಪಾರಕ್ಕೆ ಕೈಹಾಕಿದ್ದು ಸಣ್ಣ ಬದಲಾವಣೆಯಲ್ಲ.

ವಿಠಲಾಚಾರ್ಯರ ಉಸ್ತುವಾರಿಯಲ್ಲಿ ಒಂದು ಟೆಂಟು ನಾಲ್ಕಾಯಿತು. ಇಲ್ಲಿಂದಾಚೆಗೆ ಅವರ ಕೆಲಸ ಬರೀ ಪ್ರದರ್ಶನವಾಗಿ ಉಳಿಯಲಿಲ್ಲವೆಂದು ತಿಳಿಯಬೇಕು. ನಾಲ್ಕು ಡೇರೆಗಳಿದ್ದವನು ಯಾವ ಚಿತ್ರ ಯಾವ ಊರಿಗೆ, ಯಾವ ವಾರ, ಎಷ್ಟು ದಿನ ಎಂಬುದನ್ನು ಹೊಂದಿಸಬೇಕು. ಒಂದು ಕಡೆ ಆಡಿದ ಡಬ್ಬಿಗಳನ್ನು ರೈಲಿಗೋ ಬಸ್ಸಿಗೋ ಹಾಕಿ ಇನ್ನೊಂದು ಕಡೆಗೆ ಮುಟ್ಟಿಸಬೇಕು. ಹಂಚಿಕೆ ಎಂಬ ವ್ಯವಹಾರದ ತಿರುಳು ಇದೇ. ನಿರ್ಮಾಪಕ ಚಿತ್ರ ತಯಾರಿಸುತ್ತಾನೆ. ಹಂಚಿಕೆದಾರ ಒಂದು ಸೀಮೆಯ ಹಕ್ಕನ್ನು ಮುಂಗಡ ಕೊಟ್ಟು ಹಿಡಿಯುತ್ತಾನೆ. ಪ್ರದರ್ಶಕ ಅವನಿಂದ ಬಾಡಿಗೆಗೋ, ಪಾಲಿಗೋ, ಇಷ್ಟು ಹಣ ಖಂಡಿತ ಎಂಬ ಭರವಸೆಯ ಮೇಲೋ ಪಡೆಯುತ್ತಾನೆ. ದೂರದ ಟೆಂಟಿನಲ್ಲಿ ಟಿಕೆಟ್ಟು ಎಷ್ಟು ಹರಿದರೆಂದು ಹಂಚಿಕೆದಾರನಿಗೆ ತಿಳಿಯುವುದು ಹೇಗೆ? ಅದಕ್ಕಾಗಿ ಅವನದೊಬ್ಬ ಪ್ರತಿನಿಧಿ ಡಬ್ಬಿಯ ಜೊತೆಗೇ ಬಂದು ಬಾಗಿಲಲ್ಲಿ ಕೂರುತ್ತಿದ್ದ. ಅವನನ್ನು ಚೆನ್ನಾಗಿ ನೋಡಿಕೊಳ್ಳುವುದು ಪ್ರದರ್ಶಕನ ಜಾಣತನಕ್ಕೆ ಸೇರಿದ್ದು!

ಹೋಟೆಲಿನವನಿಗೆ ಇದರಲ್ಲಿ ಯಾವುದೂ ಹೊಸದಲ್ಲ. ದಿನದ ಹಣ ದಿನವೇ ಎಣಿಸುವುದು, ಅಕ್ಕಿ ಮಂಡಿಗೆ ವಾರಕ್ಕೊಮ್ಮೆ ತೀರಿಸುವುದು, ಗಲ್ಲಾದಲ್ಲಿ ನೆಂಟನನ್ನೇ ಕೂರಿಸುವುದು ಅವನಿಗೆ ಕರಗತ. ಸಿನಿಮಾ ಕೂಡ ಹಳಸುವ ಸರಕೇ. ಬೆಂಗಳೂರು, ಮೈಸೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರಗಳನ್ನು ಮುಗಿಸಿ, ಟೆಂಟಿಗೆ ಬರುವಷ್ಟರಲ್ಲಿ ಪ್ರಿಂಟಿನ ಮೇಲೆ ಮಳೆ ಸುರಿದಂತೆ ಗೀರುಗಳು. ಬಿಸಿ ಇರುವಾಗಲೇ ಬಡಿಸಬೇಕು, ತಣಿದದ್ದಕ್ಕೆ ಬೆಲೆ ಇಳಿಸಬೇಕು.

ಆದರೆ ಬಡಿಸಲು ಕನ್ನಡದ್ದೇ ಆದ ಸರಕು ಎಲ್ಲಿತ್ತು? ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಅದರ ನಿರ್ಮಾಪಕರು ಬೆಂಗಳೂರಿನಲ್ಲಿದ್ದ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಒಂದೋ ಎರಡೋ. ಕೆಲವು ವರ್ಷ ಅದೂ ಇಲ್ಲ. ಮೈಸೂರು ಸೀಮೆಯ ಪ್ರೇಕ್ಷಕ ತಮಿಳು, ತೆಲುಗು, ಹಿಂದಿ ಚಿತ್ರಗಳನ್ನು ನೋಡಿಯೇ ತೃಪ್ತಿಪಡಬೇಕಿತ್ತು. ಟೆಂಟಿನ ಬಾಗಿಲಲ್ಲಿ ನಿಂತವನಿಗೆ ಈ ಕೊರತೆ ಪತ್ರಿಕೆ ಓದುವವರಿಗಿಂತ ಚೆನ್ನಾಗಿ ಕಾಣುತ್ತದೆ. ರಾತ್ರಿಯಿಂದ ರಾತ್ರಿಗೆ ಅದೇ ಚಿತ್ರ ನೋಡುತ್ತಾ, ಜನ ಯಾವಾಗ ಶಿಳ್ಳೆ ಹಾಕುತ್ತಾರೆ, ಯಾವಾಗ ಎದ್ದು ಹೊರಗೆ ಹೋಗುತ್ತಾರೆ ಎಂಬುದನ್ನು ಗಮನಿಸುತ್ತಾ ವಿಠಲಾಚಾರ್ಯರು ಚಿತ್ರ ಮಾಡುವುದನ್ನು ಕಲಿತರು. ಅವರಿಗೆ ಬೇರೆ ಶಾಲೆಯಿರಲಿಲ್ಲ.

ಮೈಸೂರಿಗೆ ಬಂದು ಗೆಳೆಯ ಡಿ. ಶಂಕರ್‌ಸಿಂಗ್ ಮತ್ತಿತರರೊಂದಿಗೆ ಅವರು ಕಟ್ಟಿದ ಸಂಸ್ಥೆ ಮಹಾತ್ಮ ಪಿಕ್ಚರ್ಸ್. ಆ ಹೆಸರೇ ಅದು ಹುಟ್ಟಿದ ಕಾಲವನ್ನು ಹೇಳುತ್ತದೆ. 1947ರ ‘ಕೃಷ್ಣಲೀಲಾ’ದಿಂದ ಆರಂಭವಾದ ಈ ಸಂಸ್ಥೆ ಪುರಾಣದಿಂದ ಬೇಗನೆ ಜಾನಪದದ ಕಡೆಗೆ ಹೊರಳಿತು: 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂಬ ಖ್ಯಾತಿ ‘ಜಗನ್ಮೋಹಿನಿ’ಯದು. ಮಡಿವಂತರು ಮೂಗು ಮುರಿದರು, ನೆಲದ ಟಿಕೆಟ್ಟಿನವರು ಮತ್ತೆ ಮತ್ತೆ ಬಂದರು. ಕಲೆಯ ದೃಷ್ಟಿಯಿಂದ ಈ ಚಿತ್ರಗಳ ಬಗ್ಗೆ ಏನೇ ಹೇಳಲಿ, ಕನ್ನಡ ಚಿತ್ರಕ್ಕೆ ಹಾಕಿದ ಹಣ ಕನ್ನಡ ಸೀಮೆಯಿಂದಲೇ ಹಿಂದಿರುಗಬಲ್ಲದು ಎಂಬುದನ್ನು ಅವು ತೋರಿಸಿಕೊಟ್ಟವು. ಆ ಧೈರ್ಯ ಇಲ್ಲದಿದ್ದರೆ ಹಂಚಿಕೆದಾರ ಮುಂಗಡ ಕೊಡುವುದಿಲ್ಲ. ಮುಂಗಡ ಇಲ್ಲದಿದ್ದರೆ ಚಿತ್ರವಿಲ್ಲ.

ಮುಂದೆ ವಿಠಲಾಚಾರ್ಯರು ಬೇರೆಯಾಗಿ 1953ರಲ್ಲಿ ವಿಠಲ್ ಪ್ರೊಡಕ್ಷನ್ಸ್ ಸ್ಥಾಪಿಸಿದರು. ಕನ್ನಡದ ‘ಕನ್ಯಾದಾನ’ವನ್ನು 1955ರಲ್ಲಿ ತೆಲುಗಿನಲ್ಲಿ ಮಾಡಿ ಗೆದ್ದಮೇಲೆ ಮದರಾಸೇ ಮನೆಯಾಯಿತು. ಕಾರಣ ಸರಳ. ಅಲ್ಲಿ ಸ್ಟುಡಿಯೊಗಳಿದ್ದವು, ತೆಲುಗಿನ ಮಾರುಕಟ್ಟೆ ಕನ್ನಡದ್ದಕ್ಕಿಂತ ಎಷ್ಟೋ ಪಾಲು ದೊಡ್ಡದು. 1963ರಲ್ಲಿ ಎನ್.ಟಿ. ರಾಮರಾವ್ ಅವರ ‘ಬಂದಿಪೋಟು’, ಅದೇ ಕತೆ ಕನ್ನಡದಲ್ಲಿ ರಾಜ್‌ಕುಮಾರ್ ಅವರ ‘ವೀರಕೇಸರಿ’. ಎರಡಕ್ಕೂ ಅವರದೇ ನಿರ್ದೇಶನ. ಒಂದೇ ಹಿಟ್ಟಿನಿಂದ ಇಡ್ಲಿಯನ್ನೂ ದೋಸೆಯನ್ನೂ ಮಾಡುವವರಿಗೆ ಇದು ಕಷ್ಟವಾಗಿರಲಾರದು. ನಾಯಕ ನಟನ ಕಾಲ್‌ಷೀಟು ಸಿಗದಿದ್ದರೆ ಕತೆಯಲ್ಲಿ ಅವನಿಗೊಂದು ಶಾಪ ಕೊಡಿಸಿ ಪ್ರಾಣಿಯನ್ನಾಗಿಸಿ ಚಿತ್ರೀಕರಣ ಮುಂದುವರಿಸುತ್ತಿದ್ದರು ಎಂಬ ಮಾತು ತೆಲುಗು ಚಿತ್ರರಂಗದಲ್ಲಿ ಇಂದಿಗೂ ಪ್ರಚಲಿತ. ದುಂದು ಅವರಿಗೆ ಆಗದು. ಹೇಳಿದ ಹಣದಲ್ಲಿ, ಹೇಳಿದ ಸಮಯಕ್ಕೆ ಚಿತ್ರ ಮುಗಿಸುವವರೆಂಬ ಹೆಸರೇ ಅವರ ಬಂಡವಾಳವಾಗಿತ್ತು.

ಇತ್ತ ಕನ್ನಡದಲ್ಲಿ ಹಂಚಿಕೆಯ ವ್ಯವಹಾರ ಬೆಂಗಳೂರಿನ ಗಾಂಧಿನಗರದಲ್ಲಿ ನೆಲೆಯೂರಿತು. ಮೆಜೆಸ್ಟಿಕ್ಕಿನ ಚಿತ್ರಮಂದಿರಗಳ ಬೆನ್ನಿಗೇ ಹಂಚಿಕೆದಾರರ ಕಚೇರಿಗಳು, ಅವುಗಳ ಕೆಳಗೆ ಉಡುಪಿ ಹೋಟೆಲುಗಳು. ಹಕ್ಕು ಕೊಳ್ಳುವ, ಮುಂಗಡ ಕೊಡುವ ಮಾತು ಎಷ್ಟೋ ಸಲ ಕಾಫಿ ಲೋಟದ ಮುಂದೆಯೇ ಕುದುರುತ್ತಿತ್ತು. ಈಶ್ವರಿ ಸಂಸ್ಥೆಯ ಎನ್. ವೀರಾಸ್ವಾಮಿ ಹಂಚಿಕೆಯಲ್ಲಿ ಪಳಗಿ ನಿರ್ಮಾಣಕ್ಕೆ ಬಂದವರು. 1972ರ ‘ನಾಗರಹಾವು’ ಅವರದು. ಅಣ್ಣತಮ್ಮಂದಿರ ಪದ್ಧತಿಯೂ ಮುಂದುವರಿಯಿತು. ರಾಜ್‌ಕುಮಾರ್ ಬಣ್ಣ ಹಚ್ಚಿದರೆ ಕತೆ, ವ್ಯವಹಾರಗಳ ಕಡೆ ಕಣ್ಣಿಟ್ಟವರು ಸೋದರ ವರದರಾಜ್. ನಿರ್ಮಾಣ, ಹಂಚಿಕೆ ಎರಡನ್ನೂ ಮನೆಯೊಳಗೇ ತಂದವರು ಪತ್ನಿ ಪಾರ್ವತಮ್ಮ.

ಟೆಂಟುಗಳು ಉಳಿಯಲಿಲ್ಲ. ಊರೂರಿಗೆ ಕಾಯಂ ಚಿತ್ರಮಂದಿರಗಳು ಬಂದವು, 1980ರ ದಶಕದಲ್ಲಿ ಟಿ.ವಿ. ಮನೆಗೆ ಬಂತು. ಹೊಸ ಶತಮಾನದಲ್ಲಿ ರೀಲಿನ ಡಬ್ಬಿಯೂ ಹೋಗಿ ಚಿತ್ರ ಉಪಗ್ರಹದ ಮೂಲಕ, ಹಾರ್ಡ್ ಡಿಸ್ಕಿನಲ್ಲಿ ಚಿತ್ರಮಂದಿರ ಸೇರತೊಡಗಿತು. ಡಬ್ಬಿಯ ಜೊತೆ ಬಸ್ಸು ಹತ್ತುತ್ತಿದ್ದ ಪ್ರತಿನಿಧಿಗೆ ಹಳೆಯ ಕೆಲಸವಿಲ್ಲ. ವಿಠಲಾಚಾರ್ಯರು 1999ರಲ್ಲಿ ಮದರಾಸಿನಲ್ಲಿ ತೀರಿಕೊಂಡರು. ಅವರ ಚಿತ್ರಗಳ ಪಟ್ಟಿ ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ. ಅರಸೀಕೆರೆಯಲ್ಲಿ ನಸುಕಿಗೇ ಎದ್ದು ಒಲೆ ಹೊತ್ತಿಸಿದ ತಮ್ಮನ ಹೆಸರು ಆ ಪುಟಗಳಲ್ಲಿ ಇಲ್ಲ.