ಪ್ರವಾಸ ನೀತಿಯ ವ್ಯಾಸಂಗವೂ ಚರಿತ್ರೆಯೂ: ಹಂಪೆಯ ನಿದರ್ಶನ

ಚರಿತ್ರೆಯಲ್ಲಿ ಬಿ.ಎ. ಮುಗಿಸಿ, ಪ್ರವಾಸೋದ್ಯಮದ ನೀತಿ ಮತ್ತು ಯೋಜನೆಯನ್ನು ಸ್ನಾತಕೋತ್ತರ ಪದವಿಗಾಗಿ ವ್ಯಾಸಂಗ ಮಾಡಲು ಹೊರಡುವ ವಿದ್ಯಾರ್ಥಿಗಳು ಅಧ್ಯಾಪಕರನ್ನು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: ಇದುವರೆಗೆ ಓದಿದ ಚರಿತ್ರೆ ಅಲ್ಲಿ ಪ್ರಯೋಜನಕ್ಕೆ ಬರುವುದೇ? ಈ ಪ್ರಶ್ನೆಗೆ ಉತ್ತರವನ್ನು ಆ ಶಾಸ್ತ್ರದ ಹುಟ್ಟಿನಲ್ಲಿಯೂ ನಮ್ಮ ಹಂಪೆಯ ಈಚಿನ ಇತಿಹಾಸದಲ್ಲಿಯೂ ಹುಡುಕುವುದು ಈ ಲೇಖನದ ಉದ್ದೇಶ.

ಪ್ರವಾಸವನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಸಂಸ್ಥೆಯೊಂದು ಬರ್ಲಿನ್ನಿನಲ್ಲಿ 1929ರಲ್ಲಿ ರಾಬರ್ಟ್ ಗ್ಲುಕ್ಸ್‌ಮನ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1941ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಮತ್ತು ಸೇಂಟ್ ಗ್ಯಾಲೆನ್ ನಗರಗಳಲ್ಲಿ ಇಂತಹ ಸಂಸ್ಥೆಗಳು ಸ್ಥಾಪಿತವಾದುವು. ಮರುವರ್ಷ ಅಲ್ಲಿನ ವಿದ್ವಾಂಸರಾದ ಹುಂಟ್ಸಿಕರ್ ಮತ್ತು ಕ್ರಾಫ್ ಅವರು ತಮ್ಮ ಗ್ರಂಥದಲ್ಲಿ, ಪರಸ್ಥಳದವರ ಪ್ರಯಾಣ ಮತ್ತು ವಾಸ್ತವ್ಯದಿಂದ ಉಂಟಾಗುವ ಸಂಬಂಧಗಳ ಒಟ್ಟು ಸಮೂಹವೇ ಪ್ರವಾಸವೆಂದು ನಿರೂಪಿಸಿದರು. ಸಂಬಂಧವೆಂದ ಮೇಲೆ ಬಂದವರಷ್ಟೇ ಅಲ್ಲದೆ ಅಲ್ಲಿ ನೆಲಸಿರುವವರೂ ಈ ಶಾಸ್ತ್ರದ ವಿಷಯವಾಗುತ್ತಾರೆ.

ಭಾರತದಲ್ಲಿ ಮೊದಲ ಪ್ರಯತ್ನ 1945ರ ಸಾರ್ಜೆಂಟ್ ಸಮಿತಿಯದು. 1949ರಲ್ಲಿ ಸಾರಿಗೆ ಸಚಿವಾಲಯದೊಳಗೆ ಪ್ರವಾಸಿಗಳಿಗಾಗಿ ಒಂದು ಶಾಖೆ ಏರ್ಪಟ್ಟು, 1958ರಲ್ಲಿ ಅದು ಇಲಾಖೆಯ ರೂಪ ತಾಳಿತು. 1963ರ ಝಾ ಸಮಿತಿಯ ಶಿಫಾರಸುಗಳ ತರುವಾಯ, 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಜನ್ಮ ತಾಳಿತು. ಮೊದಲ ರಾಷ್ಟ್ರೀಯ ನೀತಿ 1982ರಲ್ಲಿ ಹೊರಬಿದ್ದಿತು. ಮರುವರ್ಷ ಪ್ರವಾಸೋದ್ಯಮದ ಶಿಕ್ಷಣಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. 2002ರಲ್ಲಿ ಹೊಸ ನೀತಿ ಬಂದಿತು. ಮೊದಲ ದಶಕಗಳ ಲಕ್ಷ್ಯವೆಲ್ಲ ಹೆಚ್ಚಾಗಿ ವಸತಿ, ಸಾರಿಗೆ, ವಿದೇಶೀ ವಿನಿಮಯಗಳ ಮೇಲಿದ್ದಿತು. ನೋಡಲು ಯೋಗ್ಯವಾದ ಸ್ಥಳದಲ್ಲಿ ವಾಸಿಸುವವರ ಸ್ಥಾನವೇನೆಂಬ ಪ್ರಶ್ನೆ ಹಿಂದೆ ಉಳಿಯಿತು. ಆ ಪ್ರಶ್ನೆ ಹಂಪೆಯಲ್ಲಿ ತೀವ್ರವಾಗಿ ಎದುರಾಯಿತು.

ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಆನೆಗೊಂದಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಯು ಪ್ರಾಚೀನ ಪರಿಸರಕ್ಕೆ ಹೊಂದದೆಂಬ ಆಕ್ಷೇಪ ಬಂದು, 1999ರಲ್ಲಿ ಹಂಪೆಯ ಹೆಸರು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಹಂಪೆಯ ನಿರ್ವಹಣೆಗೆಂದು 2002ರಲ್ಲಿ ಪ್ರಾಧಿಕಾರದ ಕಾಯಿದೆಯಾಯಿತು; 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರನ್ನು ತೆಗೆಯಲಾಯಿತು. ಆ ಸೇತುವೆಯು 2009ರ ಜನವರಿಯಲ್ಲಿ, ನಿರ್ಮಾಣ ಮುಗಿಯುವ ಮೊದಲೇ ಕುಸಿದು ಹಲವು ಕಾರ್ಮಿಕರು ಮೃತರಾದರು. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬೀದಿಯ ಮಂಟಪಗಳಲ್ಲಿ ಅಂಗಡಿ ಮನೆಗಳನ್ನು ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು.

ಇಲ್ಲಿ ಚರಿತ್ರಕಾರನ ಸಾಕ್ಷ್ಯ ಅಗತ್ಯವಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಒಂದು ದೇವಾಲಯದ ಬಳಿಯ ಸುಂದರ ಬೀದಿಯನ್ನೂ ಅಲ್ಲಿ ಯಾತ್ರಿಕರು ತಂಗುತ್ತಿದ್ದ ಕೈಸಾಲೆಗಳನ್ನೂ ವರ್ಣಿಸಿದ್ದಾನೆ. ಪಾಯೆಸನ ಬರಹವನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸೂವೆಲ್ ಅದು ಹಂಪೆಯ ದೇವಾಲಯವೆಂದು ಗುರುತಿಸಿದನು. ಹಾಗಾದರೆ ಆ ಬೀದಿಯಲ್ಲಿ ಜನರು ತಂಗಿ ವ್ಯವಹರಿಸುವುದು ಅದರ ಸ್ವಭಾವಕ್ಕೆ ಹೊರತಾದುದಲ್ಲ. ಆದರೆ ಇಷ್ಟರಿಂದಲೇ ಇಂದಿನ ನಿವಾಸಿಯ ಹಕ್ಕು ಸಿದ್ಧವಾಗುವುದಿಲ್ಲ. ಪ್ರಾಚೀನ ಕಂಬಗಳ ನಡುವೆ ಹೊಸ ಗೋಡೆ ಎಬ್ಬಿಸಿ, ಒಲೆ ಹೂಡುವುದರಿಂದ ಶಿಲ್ಪಕ್ಕೆ ಹಾನಿಯೂ ಉಂಟು. ಬೀದಿಯನ್ನು ಕೇವಲ ಪಾಳು ಅವಶೇಷವೆಂದು ಬಗೆದ ಯೋಜನೆ ನಿವಾಸಿಯನ್ನು ಒತ್ತುವರಿದಾರನೆಂದು ಮಾತ್ರ ಕಾಣುತ್ತದೆ. ಪೂಜೆ, ಜಾತ್ರೆಗಳು ನಡೆಯುತ್ತಿರುವ ಊರೆಂದು ಬಗೆದ ಯೋಜನೆಯಾದರೋ, ತೆರವಿಗೆ ಮೊದಲು ಅವನ ಮುಂದಿನ ನೆಲೆಯನ್ನೂ ಜೀವನೋಪಾಯವನ್ನೂ ಆಲೋಚಿಸಬೇಕಾಗುತ್ತದೆ.

ಆದುದರಿಂದ ವಿದ್ಯಾರ್ಥಿಗಳಿಗೆ ನಮ್ಮ ಉತ್ತರವಿಷ್ಟೆ. ಪ್ರವಾಸಿಗಳ ಸಂಖ್ಯೆ, ವರಮಾನಗಳ ಲೆಕ್ಕವನ್ನು ಅವಶ್ಯವಾಗಿ ಕಲಿಯಿರಿ. ಆದರೆ ಒಂದು ಸ್ಥಳದ ನಕಾಶೆಯ ಮೇಲೆ ಗೆರೆ ಎಳೆಯುವ ಮೊದಲು ಅದರ ಶಾಸನ, ಪ್ರವಾಸಕಥನ, ಕಂದಾಯದ ಕಾಗದಪತ್ರಗಳನ್ನು ಓದಿರಿ. ಅಲ್ಲಿ ವಾಸವಾಗಿರುವವರ ಹೇಳಿಕೆಯನ್ನೂ ಬರೆದುಕೊಳ್ಳಿರಿ. ಚರಿತ್ರೆಯ ತರಗತಿಯಲ್ಲಿ ನೀವು ಅಭ್ಯಾಸ ಮಾಡಿದುದು ಈ ಕೆಲಸವನ್ನೇ.